ಕಣ್ಣು ಹಳದಿಯಾಗದ ಕಾಮಾಲೆ

(ಗ್ರಾಮಾಂತರ ದಂಪತಿಗಳ ಸಭೆಗಾಗಿ ಸಿದ್ಧಪಡಿಸಿದ ಭಾಷಣ)

ಕಾಮಾಲೆ ಎಂಬ ಹೆಸರನ್ನು ಕೇಳದವರು ನಮ್ಮ ಹಳ್ಳಿಗಳಲ್ಲಿ ಯಾರೂ ಇರಲಾರರು. ಕಣ್ಣಿನ ಬಿಳಿಯ ಭಾಗ ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಅನ್ನವನ್ನು ಕಂಡರೆ ಓಕರಿಕೆ ಬರುವುದು, ಮೈಯಲ್ಲಿ ತ್ರಾಣವೇ ಇಲ್ಲದಂತಾಗುವುದು, ಇವು ಕಂಡೊಡನೆ ಮನೆಯ ಹಿರಿಯರು ಇದು ಅರಿಶಿನ ಕಾಮಾಲೆಯೆಂದು ಹೇಳಿಬಿಡುತ್ತಾರೆ. ಕಣ್ಣಿಗೆ ಕಾಣುವ ಈ ಕಾಮಾಲೆಗೆ ನಾವೆಲ್ಲರೂ ಹೆದರುತ್ತೇವೆ. ಹೆದರಿ ಎಚ್ಚರ ವಹಿಸುವುದು ಸರಿಯೂ ಹೌದು.

ಆದರೆ ಕಣ್ಣು ಹಳದಿಯಾಗದೆ, ಜ್ವರವೂ ಬಾರದೆ, ಹೊಲದ ಕೆಲಸಕ್ಕೆ ಯಾವ ಅಡ್ಡಿಯನ್ನೂ ಮಾಡದೆ, ಹತ್ತಿಪ್ಪತ್ತು ವರ್ಷಗಳ ಕಾಲ ಮೈಯಲ್ಲಿ ಅಡಗಿ ಕುಳಿತಿರುವ ಬಗೆಯೊಂದುಂಟು. ಅದು ತಾಯಿಯಿಂದ ಮಗುವಿಗೆ ದಾಟಬಲ್ಲದು. ಗಂಡನಿಂದ ಹೆಂಡತಿಗೂ, ಹೆಂಡತಿಯಿಂದ ಗಂಡನಿಗೂ ದಾಟಬಲ್ಲದು. ಇಂದು ಮುಖ್ಯವಾಗಿ ಅದರ ವಿಷಯವನ್ನೇ ತಮ್ಮ ಗಮನಕ್ಕೆ ತರಬೇಕಾಗಿದೆ. ಏಕೆಂದರೆ ಈ ರೋಗದಿಂದ ಮಗುವನ್ನು ಕಾಪಾಡುವ ಉಪಾಯ ಇಂದು ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾಗಿರುವುದು ತಂದೆತಾಯಿಗಳ ತಿಳಿವಳಿಕೆ ಮತ್ತು ಸಕಾಲದ ಎಚ್ಚರ.

ಯಕೃತ್ತು ಮತ್ತು ಅದರ ಶತ್ರುಗಳು

ನಮ್ಮ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಯಕೃತ್ತು ಎಂಬ ಅಂಗವಿದೆ. ಇದನ್ನೇ ಜನರು ಲಿವರ್ ಎಂದು ಕರೆಯುವುದುಂಟು. ಉಂಡ ಆಹಾರದ ಸಾರವನ್ನು ದೇಹಕ್ಕೆ ಒದಗುವಂತೆ ಮಾಡುವುದು, ಪಿತ್ತರಸವನ್ನು ತಯಾರಿಸುವುದು, ವಿಷಪದಾರ್ಥಗಳನ್ನು ನಿವಾರಿಸುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಒದಗಿಸುವುದು, ಇವೆಲ್ಲವೂ ಅದರ ಕೆಲಸಗಳು. ಅತಿ ಸೂಕ್ಷ್ಮವಾದ ಕೆಲವು ವೈರಸ್‌ಗಳು ಈ ಅಂಗವನ್ನು ಹೊಕ್ಕು ಉರಿಯೂತವನ್ನು ಉಂಟುಮಾಡುತ್ತವೆ. ಇದಕ್ಕೆ ಹೆಪಟೈಟಿಸ್ ಎಂದು ಹೆಸರು. ಕಾಮಾಲೆಯೆಂಬುದು ರೋಗದ ಒಂದು ಚಿಹ್ನೆ ಮಾತ್ರ. ಕಾಮಾಲೆ ಕಾಣಿಸದೆಯೂ ಹೆಪಟೈಟಿಸ್ ಇರಬಹುದು.

ಈ ವೈರಸ್‌ಗಳಲ್ಲಿ ಮುಖ್ಯವಾದವು ಐದು. ಅವನ್ನು ಎ, ಬಿ, ಸಿ, ಡಿ, ಇ ಎಂದು ಗುರುತಿಸಲಾಗಿದೆ. ಎ ಮತ್ತು ಇ ಎಂಬುವು ಬಾಯಿಯ ಮೂಲಕ, ಮಲಿನವಾದ ನೀರು ಮತ್ತು ಆಹಾರದಿಂದ ದೇಹವನ್ನು ಸೇರುತ್ತವೆ. ಬಿ, ಸಿ ಮತ್ತು ಡಿ ರಕ್ತದ ಮೂಲಕ ಹರಡುತ್ತವೆ. ಬಿ ವೈರಸ್ ವೀರ್ಯವೇ ಮೊದಲಾದ ದೇಹದ್ರವಗಳ ಮೂಲಕವೂ ಸುಲಭವಾಗಿ ಹರಡುತ್ತದೆ. ಡಿ ವೈರಸ್ ಒಂಟಿಯಾಗಿ ಬದುಕಲಾರದು; ಬಿ ಇರುವ ದೇಹದಲ್ಲಿ ಮಾತ್ರ ಅದು ನೆಲೆಸಬಲ್ಲದು.

ನೀರಿನಿಂದ ಬರುವ ಕಾಮಾಲೆ

ನೀರಿನ ಮೂಲಕ ಬರುವ ಕಾಮಾಲೆ ಒಂದೇ ಬಾರಿಗೆ ಊರನ್ನೇ ಹಿಡಿಯಬಲ್ಲದು. 1955ರ ಕೊನೆಯಲ್ಲಿ ಮತ್ತು 1956ರ ಆರಂಭದಲ್ಲಿ ದೆಹಲಿ ನಗರದಲ್ಲಿ ಯಮುನಾ ನದಿಯ ಕುಡಿಯುವ ನೀರಿಗೆ ಚರಂಡಿಯ ನೀರು ಸೇರಿ, ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅದು ಇ ವೈರಸ್ಸಿನ ಕೃತ್ಯವೆಂಬುದು ಬಹುಕಾಲದ ನಂತರ ತಿಳಿದುಬಂದಿತು. 1978ರಲ್ಲಿ ಕಾಶ್ಮೀರದ ಕಣಿವೆಯಲ್ಲಿಯೂ ಇದೇ ಬಗೆಯ ಸಾಂಕ್ರಾಮಿಕ ತಲೆದೋರಿ, ಬಹಳ ಮಂದಿ ಗರ್ಭಿಣಿಯರು ಪ್ರಾಣ ಕಳೆದುಕೊಂಡರು.

ಈ ಮಾತನ್ನು ದಂಪತಿಗಳು ವಿಶೇಷವಾಗಿ ಗಮನಿಸಬೇಕು. ಇತರರಿಗೆ ಇ ಬಗೆಯ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ ಅದು ತಗುಲಿದರೆ ನೂರು ತಾಯಂದಿರಲ್ಲಿ 20ರಿಂದ 25 ಮಂದಿಯವರೆಗೂ ಸಾವು ಸಂಭವಿಸಬಹುದು. ಆದುದರಿಂದ ಗರ್ಭಿಣಿಯ ಕಣ್ಣು ಹಳದಿಯಾದರೆ ಒಂದು ದಿನವೂ ಕಾಯಕೂಡದು. ನಾಟಿ ಔಷಧವನ್ನು ಹುಡುಕುತ್ತ ಕಾಲ ಕಳೆಯದೆ, ಆಕೆಯನ್ನು ಕೂಡಲೇ ವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.

ಎ ಮತ್ತು ಇ ಬಗೆಗಳಿಗೆ ಮೂಲ ಮನುಷ್ಯನ ಮಲ. ಬಯಲು ಶೌಚ, ಒಡೆದ ನೀರಿನ ಕೊಳವೆಯ ಪಕ್ಕದಲ್ಲಿಯೇ ಹರಿಯುವ ಚರಂಡಿ, ಕುಡಿಯುವ ನೀರಿನ ಬಾವಿಗೆ ಸಮೀಪದಲ್ಲಿರುವ ಶೌಚದ ಗುಂಡಿ, ತೊಳೆಯದ ಕೈ, ಇವೇ ಅದರ ದಾರಿಗಳು. ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯುವುದು, ಶೌಚಾಲಯವನ್ನು ಬಳಸುವುದು, ಶೌಚದ ನಂತರವೂ ಅಡುಗೆ ಮತ್ತು ಊಟಕ್ಕೆ ಮೊದಲೂ ಸೋಪಿನಿಂದ ಕೈ ತೊಳೆಯುವುದು, ಇವು ಮನೆಯವರ ಕರ್ತವ್ಯ. ನೀರಿನ ತೊಟ್ಟಿಯನ್ನು ತೊಳೆಯಿಸಿ ಕ್ಲೋರಿನ್ ಹಾಕಿಸುವುದು ಪಂಚಾಯಿತಿಯ ಕರ್ತವ್ಯ. ಒಂದೇ ಬೀದಿಯಲ್ಲಿ ಎರಡು ಮೂರು ಜನರಿಗೆ ಕಾಮಾಲೆ ಕಂಡುಬಂದರೆ ನೀರುಗಂಟಿಗೂ ಆರೋಗ್ಯ ಕಾರ್ಯಕರ್ತರಿಗೂ ಅಂದೇ ತಿಳಿಸತಕ್ಕದ್ದು.

ರಕ್ತದಿಂದ ಹರಡುವ ಬಗೆ: ಎಷ್ಟು ಜನರಲ್ಲಿದೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಬಿ ಮತ್ತು ಸಿ ಬಗೆಗಳು ನಮ್ಮ ದೇಶದಲ್ಲಿ ಎಷ್ಟು ಜನರಲ್ಲಿವೆ? ಇದನ್ನು ಕಾಮಾಲೆಯಾದವರನ್ನು ಎಣಿಸಿ ತಿಳಿಯಲು ಸಾಧ್ಯವಿಲ್ಲ. ಆರೋಗ್ಯವಂತರಂತೆ ಕಾಣುವವರ ರಕ್ತವನ್ನು ಪರೀಕ್ಷಿಸಿಯೇ ತಿಳಿಯಬೇಕು. 2015-16ರ ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲದಲ್ಲಿ ಸಂಗ್ರಹಿಸಿದ ರಕ್ತದ ಮಾದರಿಗಳನ್ನು ಹೀಗೆ ಪರೀಕ್ಷಿಸಲಾಯಿತು. ಶೇಕಡ 0.95ರಷ್ಟು ಜನರಲ್ಲಿ ಬಿ ವೈರಸ್ಸಿನ ಸೋಂಕು, ಶೇಕಡ 0.32ರಷ್ಟು ಜನರಲ್ಲಿ ಸಿ ವೈರಸ್ಸಿನ ಸೋಂಕಿನ ಗುರುತು ಕಂಡುಬಂದವು. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜು ಇದಕ್ಕಿಂತ ಹೆಚ್ಚು: 2022ರಲ್ಲಿ ಭಾರತದಲ್ಲಿ ಸುಮಾರು 2 ಕೋಟಿ 98 ಲಕ್ಷ ಜನರಲ್ಲಿ ಬಿ, 55 ಲಕ್ಷ ಜನರಲ್ಲಿ ಸಿ ಇದ್ದಿತೆಂದು ಅದು ಹೇಳುತ್ತದೆ.

ಶೇಕಡ ಒಂದು ಅಥವಾ ಎರಡು ಎಂದರೆ ಅಲ್ಪವೆಂದು ತೋರಬಹುದು. ಸಾವಿರ ಜನರಿರುವ ಊರೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಈ ಲೆಕ್ಕದಂತೆ ಅಂತಹ ಊರಿನಲ್ಲಿ ಹತ್ತರಿಂದ ಇಪ್ಪತ್ತು ಜನರ ರಕ್ತದಲ್ಲಿ ಬಿ ವೈರಸ್ ಇರಬಹುದು. ಅವರು ಹಾಸಿಗೆ ಹಿಡಿದವರಲ್ಲ. ನೇಗಿಲು ಹಿಡಿಯುವವರು, ಹಾಲು ಕರೆಯುವವರು, ಜಾತ್ರೆಯಲ್ಲಿ ತೇರು ಎಳೆಯುವವರು ಅವರೇ. ಅವರ ಮುಖವನ್ನು ನೋಡಿ ರೋಗವನ್ನು ತಿಳಿಯಲಾಗದು. ಅವರಿಗೇ ಅದು ತಿಳಿದಿರುವುದಿಲ್ಲ. ಇಡೀ ಪ್ರಪಂಚದಲ್ಲಿ ಬಿ ಸೋಂಕಿನೊಡನೆ ಬದುಕುತ್ತಿದ್ದವರಲ್ಲಿ 2022ರ ಹೊತ್ತಿಗೆ ಪರೀಕ್ಷೆಯಾಗಿ ರೋಗ ಗೊತ್ತಾಗಿದ್ದವರು ನೂರಕ್ಕೆ 13 ಮಂದಿ ಮಾತ್ರ.

ಈ ಪ್ರಮಾಣ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ಒಂದು ಪ್ರದೇಶದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರುತ್ತದೆ. ಪಂಜಾಬಿನಲ್ಲಿ ಸಿ ಬಗೆ ಇತರ ಹಲವು ರಾಜ್ಯಗಳಿಗಿಂತ ಹೆಚ್ಚಾಗಿ ಕಂಡುಬಂದಿದೆ. ಶುದ್ಧವಲ್ಲದ ಸೂಜಿ, ಪರೀಕ್ಷಿಸದ ರಕ್ತ, ಲಸಿಕೆ ಇಲ್ಲದ ಬಾಲ್ಯ, ಇವು ಎಲ್ಲಿ ಹೆಚ್ಚೋ ಅಲ್ಲಿ ರೋಗವೂ ಹೆಚ್ಚು.

ಅಪಾಯದ ಸಂದರ್ಭಗಳು

ಬಿ ವೈರಸ್ ದೇಹದ ಹೊರಗೂ ಕನಿಷ್ಠ ಏಳು ದಿನ ಜೀವಂತವಾಗಿ ಉಳಿಯಬಲ್ಲದು. ಕಣ್ಣಿಗೆ ಕಾಣದಷ್ಟು ಅಲ್ಪವಾದ, ಒಣಗಿದ ರಕ್ತದಲ್ಲಿಯೂ ಅದು ಇರಬಹುದು. ಆದಕಾರಣ ಈ ಕೆಳಗಿನ ಸಂದರ್ಭಗಳಲ್ಲಿ ಎಚ್ಚರ ಅಗತ್ಯ.

ಮೊದಲನೆಯದು, ಸೂಜಿ. ನೆಗಡಿಯಾಗಲಿ, ಮೈಕೈ ನೋವಾಗಲಿ, ಒಂದು ಸೂಜಿ ಹಾಕಿಸಿಕೊಂಡರೆ ಮಾತ್ರ ಗುಣವಾಗುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮಾತ್ರೆಯಿಂದ ಗುಣವಾಗುವ ರೋಗಕ್ಕೆ ಸೂಜಿಯನ್ನು ಕೇಳಕೂಡದು. 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದ ಸುತ್ತಮುತ್ತ ಒಮ್ಮೆ ಬಳಸಿದ ಸಿರಿಂಜುಗಳನ್ನು ಮತ್ತೆ ಬಳಸಿದ್ದರಿಂದ ಬಿ ಹೆಪಟೈಟಿಸ್ ಹರಡಿ, ಹಲವಾರು ಜನರು ಸಾವಿಗೀಡಾದರು. ಹೊಸ ಸೂಜಿ, ಹೊಸ ಸಿರಿಂಜು ತಮ್ಮ ಕಣ್ಣೆದುರಿನಲ್ಲಿಯೇ ಪೊಟ್ಟಣದಿಂದ ಹೊರಬರಬೇಕು. ಹೀಗೆ ಕೇಳುವುದು ವೈದ್ಯರಿಗೆ ಮಾಡುವ ಅವಮಾನವಲ್ಲ. ಅದು ತಮ್ಮ ಹಕ್ಕು.

ಎರಡನೆಯದು, ರಕ್ತ. ರಕ್ತ ಬೇಕಾದಾಗ ಪರವಾನಗಿಯಿರುವ ರಕ್ತನಿಧಿಯಿಂದಲೇ ಪಡೆಯಬೇಕು. ಅಲ್ಲಿ ಪ್ರತಿಯೊಂದು ಬಾಟಲಿಯ ರಕ್ತವನ್ನೂ ಬಿ ಮತ್ತು ಸಿ ವೈರಸ್‌ಗಳಿಗಾಗಿ ಪರೀಕ್ಷಿಸಬೇಕೆಂಬ ನಿಯಮವಿದೆ. ಸಿ ವೈರಸ್ಸಿನ ಪರೀಕ್ಷೆ ರಕ್ತನಿಧಿಗಳಲ್ಲಿ ಬಹಳ ತಡವಾಗಿ ಜಾರಿಗೆ ಬಂದಿತು. ಆದುದರಿಂದ 2001ಕ್ಕಿಂತ ಹಿಂದೆ ರಕ್ತ ಪಡೆದವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು, ಚರ್ಮವನ್ನು ಚುಚ್ಚುವ ಮತ್ತು ಕೊಯ್ಯುವ ಸಾಧನಗಳು. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತಾರು ಜನರಿಗೆ ಹಚ್ಚೆ ಹಾಕುವುದು, ಶುದ್ಧಿ ಮಾಡದ ಸೂಜಿಯಿಂದ ಮಕ್ಕಳ ಕಿವಿ ಮೂಗು ಚುಚ್ಚಿಸುವುದು, ಒಬ್ಬರಿಗೆ ಬಳಸಿದ ಬ್ಲೇಡಿನಿಂದ ಇನ್ನೊಬ್ಬರಿಗೆ ಕ್ಷೌರ ಮಾಡುವುದು, ಇವು ಅಪಾಯಕರ. ಮನೆಯಲ್ಲಿಯೂ ಒಬ್ಬರ ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿಗಳನ್ನು ಇನ್ನೊಬ್ಬರು ಬಳಸಕೂಡದು.

ನಾಲ್ಕನೆಯದು, ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ. ಸೋಂಕು ಇರುವವರೊಡನೆ ದಾಂಪತ್ಯ ಜೀವನ ನಡೆಸುವವರಿಗೂ, ಹಲವರೊಡನೆ ಸಂಪರ್ಕವಿರುವವರಿಗೂ ಬಿ ವೈರಸ್ ತಗುಲುವ ಸಂಭವ ಹೆಚ್ಚು. ನಿರೋಧ್ ಬಳಕೆಯಿಂದ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ಐದನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ದಾಟುವುದು.

ಇದರ ಜೊತೆಗೆ ಯಾವುದರಿಂದ ರೋಗ ಹರಡುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದರಿಂದ, ಒಂದೇ ಬಾವಿಯ ನೀರನ್ನು ಸೇದುವುದರಿಂದ, ಕೈ ಹಿಡಿಯುವುದರಿಂದ, ಮಗುವನ್ನು ಎತ್ತಿ ಮುದ್ದಿಸುವುದರಿಂದ, ಕೆಮ್ಮಿನಿಂದ ಬಿ ಅಥವಾ ಸಿ ಹರಡುವುದಿಲ್ಲ. ಸೋಂಕು ಇರುವವರನ್ನು ಅಡುಗೆಮನೆಯಿಂದ ದೂರವಿಡುವುದು, ಬೇರೆ ತಟ್ಟೆ ಲೋಟ ಕೊಡುವುದು ತಿಳಿಗೇಡಿತನ.

ತಾಯಿ, ಮಗು ಮತ್ತು ಮೊದಲ ದಿನ

ವಯಸ್ಕರಿಗೆ ಬಿ ವೈರಸ್ ತಗುಲಿದರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿಯ ದೇಹವು ಅದನ್ನು ತಾನಾಗಿಯೇ ಹೊರದೂಡುತ್ತದೆ. ಆದರೆ ಹುಟ್ಟುವಾಗಲೇ ಸೋಂಕು ತಗುಲಿದ ಹಸುಳೆಗೆ ಆ ಶಕ್ತಿಯಿಲ್ಲ. ಅಂತಹ ನೂರು ಮಕ್ಕಳಲ್ಲಿ ಸುಮಾರು 90 ಮಕ್ಕಳ ದೇಹದಲ್ಲಿ ವೈರಸ್ ಬಹುಕಾಲ, ಕೆಲವೊಮ್ಮೆ ಜೀವಾವಧಿ, ನೆಲೆಯೂರುತ್ತದೆ. ಮಗು ಆಡುತ್ತದೆ, ಶಾಲೆಗೆ ಹೋಗುತ್ತದೆ, ಬೆಳೆದು ದುಡಿಯುತ್ತದೆ. ಯಾರಿಗೂ ಏನೂ ತಿಳಿಯುವುದಿಲ್ಲ. ಮನೆಯ ಭಾರವನ್ನು ಹೊರುವ ವಯಸ್ಸು ಬಂದಾಗ ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ಕಾರಿ, ಯಕೃತ್ತು ಕುಗ್ಗಿ ಗಟ್ಟಿಯಾಗಿರುವುದು ಗೊತ್ತಾಗುತ್ತದೆ. ಇಲ್ಲವೇ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಆ ರೋಗದ ಬೀಜ ಬಿದ್ದದ್ದು ಹುಟ್ಟಿದ ದಿನ.

ಆ ಬೀಜವನ್ನು ತಡೆಯುವ ಕೆಲಸವೂ ಅದೇ ದಿನ ಆಗಬೇಕು. ಹುಟ್ಟಿದ 24 ಗಂಟೆಗಳೊಳಗೆ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಚುಚ್ಚುಮದ್ದನ್ನು ಕೊಡಿಸತಕ್ಕದ್ದು. ಅನಂತರ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿಯೂ ಇದೇ ರಕ್ಷಣೆ ಸೇರಿದೆ. ಮೊದಲ ದಿನದ ಚುಚ್ಚುಮದ್ದು ತಪ್ಪಿದರೆ ಮುಂದಿನವು ಅದರ ಕೆಲಸವನ್ನು ಪೂರ್ಣವಾಗಿ ತುಂಬಲಾರವು. ಮಗು ತುಂಬ ಎಳೆಯದು, ಇಂದೇ ಸೂಜಿ ಬೇಡ, ಹನ್ನೊಂದನೆಯ ದಿನದ ಶಾಸ್ತ್ರ ಮುಗಿಯಲಿ ಎಂದು ಹಿರಿಯರು ಪ್ರೀತಿಯಿಂದಲೇ ಹೇಳಬಹುದು. ಅವರಿಗೆ ವಿನಯದಿಂದ ತಿಳಿಯಹೇಳಿ; ಆದರೆ ಚುಚ್ಚುಮದ್ದನ್ನು ಮುಂದೂಡಬೇಡಿ.

ತಾಯಿಗೆ ಸೋಂಕು ಇದೆಯೇ ಎಂಬುದನ್ನು ಗರ್ಭ ನಿಂತ ಮೊದಲ ತಿಂಗಳುಗಳಲ್ಲಿಯೇ ರಕ್ತಪರೀಕ್ಷೆಯಿಂದ ತಿಳಿಯಬೇಕು. ಸೋಂಕು ಇದ್ದರೆ ಆಸ್ಪತ್ರೆಯಲ್ಲಿಯೇ ಹೆರಿಗೆಯಾಗಬೇಕು. ಆಗ ಮಗುವಿಗೆ ಲಸಿಕೆಯೊಡನೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನೂ ಕೊಡುತ್ತಾರೆ. ತಾಯಿಯ ರಕ್ತದಲ್ಲಿ ವೈರಸ್ ಬಹಳ ಹೆಚ್ಚಾಗಿದ್ದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾತ್ರೆಯನ್ನೂ ಕೊಡುವುದುಂಟು. ಹೀಗೆ ಮಾಡಿದಲ್ಲಿ, ಸೋಂಕುಳ್ಳ ತಾಯಿಯ ಮಗುವೂ ಬಹುತೇಕ ಆರೋಗ್ಯವಾಗಿ ಬೆಳೆಯುತ್ತದೆ. ಅಂತಹ ತಾಯಿ ಮಗುವಿಗೆ ಮೊಲೆಹಾಲನ್ನು ಧಾರಾಳವಾಗಿ ಕೊಡಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ರೂಢಿ. ರಕ್ತಪರೀಕ್ಷೆಯಾದದ್ದು ಗಂಡನ ಊರಿನಲ್ಲಿ, ಹೆರಿಗೆಯಾಗುವುದು ತವರಿನ ಆಸ್ಪತ್ರೆಯಲ್ಲಿ. ಸೀರೆ, ಒಡವೆ, ತಿಂಡಿಯ ಬುತ್ತಿ ಎಲ್ಲವೂ ಬಸ್ಸು ಹತ್ತುತ್ತವೆ. ತಾಯಿ ಕಾರ್ಡ್ ಮತ್ತು ರಕ್ತಪರೀಕ್ಷೆಯ ಚೀಟಿ ಮಾತ್ರ ಗಂಡನ ಮನೆಯ ಪೆಟ್ಟಿಗೆಯಲ್ಲಿಯೇ ಉಳಿಯುತ್ತವೆ. ಹೆರಿಗೆ ಮಾಡಿಸುವವರಿಗೆ ವಿಷಯವೇ ತಿಳಿಯದಿದ್ದರೆ ಮಗುವಿಗೆ ಎರಡನೆಯ ಚುಚ್ಚುಮದ್ದು ತಪ್ಪಿಹೋಗುತ್ತದೆ. ಆ ಕಾರ್ಡನ್ನು ಹೆಂಡತಿಯ ಕೈಗೆ ಕೊಟ್ಟು ಕಳುಹಿಸುವುದು ಗಂಡನಾದವನ ಜವಾಬ್ದಾರಿ.

ದೋಷಾರೋಪಣೆ ಬೇಡ

ಗರ್ಭಿಣಿಯರಿಗೆ ಪರೀಕ್ಷೆ ಮಾಡುವುದರಿಂದ ಮನೆಯಲ್ಲಿ ಮೊದಲು ಗೊತ್ತಾಗುವುದು ಹೆಂಡತಿಯ ಸೋಂಕು. ಇದರಿಂದಲೇ ರೋಗವನ್ನು ಅವಳೇ ತಂದಳೆಂದು ಅತ್ತೆಮಾವಂದಿರೂ ನೆರೆಹೊರೆಯವರೂ ತಿಳಿಯುವ ಸಂಭವವಿದೆ. ಇದು ದೊಡ್ಡ ಅನ್ಯಾಯ. ಅವಳಿಗೆ ಅದು ತನ್ನ ಹುಟ್ಟಿನಲ್ಲಿಯೇ ಬಂದಿರಬಹುದು, ಬಾಲ್ಯದ ಯಾವುದೋ ಸೂಜಿಯಿಂದ ಬಂದಿರಬಹುದು, ಗಂಡನಿಂದಲೇ ಬಂದಿರಬಹುದು. ಎಂದು, ಎಲ್ಲಿಂದ ಬಂತೆಂದು ಈ ರಕ್ತಪರೀಕ್ಷೆ ಹೇಳುವುದಿಲ್ಲ. ಸೋಂಕು ಇದ್ದ ಮಾತ್ರಕ್ಕೆ ನಡತೆಯನ್ನು ಶಂಕಿಸಲು ಯಾವ ಆಧಾರವೂ ಇಲ್ಲ.

ಮಾಡಬೇಕಾದದ್ದು ಇಷ್ಟೇ. ಗಂಡನೂ, ಹಿರಿಯ ಮಕ್ಕಳಿದ್ದರೆ ಅವರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕು ಇಲ್ಲದ, ರಕ್ಷಣೆಯೂ ಇಲ್ಲದ ಗಂಡನು ವೈದ್ಯರ ಸಲಹೆಯಂತೆ ಆರು ತಿಂಗಳ ಅವಧಿಯಲ್ಲಿ ಮೂರು ಚುಚ್ಚುಮದ್ದುಗಳನ್ನು ಪಡೆಯಬೇಕು. ರಕ್ಷಣೆ ದೊರೆಯುವವರೆಗೆ ನಿರೋಧ್ ಬಳಸಬೇಕು. ಈ ಲಸಿಕೆ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಮೂಲಕ ಇಡೀ ದೇಶದ ಮಕ್ಕಳಿಗೆ ದೊರೆಯತೊಡಗಿದ್ದು 2011ರಲ್ಲಿ. ಇಂದು ತಂದೆತಾಯಿಗಳಾಗುತ್ತಿರುವವರಲ್ಲಿ ಹೆಚ್ಚಿನವರು ಅದಕ್ಕಿಂತ ಮೊದಲೇ ಹುಟ್ಟಿದವರು. ತಮ್ಮ ಮಗುವಿಗಿರುವ ರಕ್ಷಣೆ ತಮಗೇ ಇಲ್ಲದಿರಬಹುದು ಎಂಬುದನ್ನು ನೆನಪಿಡಿ.

ಚಿಕಿತ್ಸೆ ಮತ್ತು ಕೆಲವು ತಪ್ಪು ನಂಬಿಕೆಗಳು

ಕಾಮಾಲೆಗೆ ಸೊಪ್ಪಿನ ರಸ ಕುಡಿಸುವುದು, ಕಣ್ಣಿಗೂ ಮೂಗಿಗೂ ರಸ ಬಿಡುವುದು, ಕೈಗೆ ಬರೆ ಹಾಕುವುದು ಇನ್ನೂ ಕೆಲವೆಡೆ ನಡೆದಿದೆ. ಎ ಮತ್ತು ಇ ಬಗೆಯ ಕಾಮಾಲೆ ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುವುದರಿಂದ, ಅದನ್ನು ಇಳಿಸಿದ ಕೀರ್ತಿ ಸೊಪ್ಪಿಗೋ ಬರೆಗೋ ಸಲ್ಲುತ್ತದೆ. ಬರೆಯಿಂದ ಗಾಯವಾಗುವುದೇ ಹೊರತು ವೈರಸ್ ಸಾಯುವುದಿಲ್ಲ; ಕಣ್ಣಿಗೆ ಬಿಟ್ಟ ರಸದಿಂದ ದೃಷ್ಟಿಗೆ ಕೇಡಾಗಬಹುದು. ಕಠಿಣ ಪಥ್ಯದ ಹೆಸರಿನಲ್ಲಿ ರೋಗಿಯನ್ನು ಉಪವಾಸ ಕೆಡವುವುದೂ ಸಲ್ಲದು. ಗಂಜಿ, ಅನ್ನ, ಬೇಳೆ, ಮುದ್ದೆ, ಹಣ್ಣು ಮೊದಲಾಗಿ ರೋಗಿಗೆ ಸೇರುವ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.

ಸಿ ಬಗೆಗೆ ಲಸಿಕೆಯಿಲ್ಲ. ಆದರೆ ಸಾಮಾನ್ಯವಾಗಿ ಮೂರು ತಿಂಗಳು ಮಾತ್ರೆ ಸೇವಿಸಿದರೆ ನೂರಕ್ಕೆ 95 ಮಂದಿಗಿಂತಲೂ ಹೆಚ್ಚು ಜನರಿಗೆ ಪೂರ್ಣವಾಗಿ ಗುಣವಾಗುತ್ತದೆ. ಬಿ ಬಗೆಯನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಬಂದಿಲ್ಲ. ಆದರೆ ಅಗತ್ಯವಿದ್ದವರಿಗೆ ದಿನಕ್ಕೊಂದು ಮಾತ್ರೆಯಿಂದ ಅದನ್ನು ಹತೋಟಿಯಲ್ಲಿಡಬಹುದು. ಸೋಂಕು ಇರುವವರೆಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಆದರೆ ಎಲ್ಲರೂ ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಳ್ಳಬೇಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಔಷಧಗಳನ್ನು ಉಚಿತವಾಗಿ ಒದಗಿಸಲಾಗುತ್ತದೆ. ಔಷಧವನ್ನು ವೈದ್ಯರ ಅಪ್ಪಣೆಯಿಲ್ಲದೆ ನಡುವೆ ನಿಲ್ಲಿಸಕೂಡದು.

ಸೋಂಕು ಇರುವವರು ಮದ್ಯವನ್ನು ಮುಟ್ಟಬಾರದು. ನವೆದಿರುವ ಯಕೃತ್ತಿಗೆ ಅದು ವಿಷ. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳಗಳಲ್ಲಿಯೂ ಒಂದು ಬಗೆಯ ವಿಷ ಹುಟ್ಟಿ, ಬಿ ಸೋಂಕು ಇರುವವರಿಗೆ ಯಕೃತ್ತಿನ ಕ್ಯಾನ್ಸರ್ ಬರುವ ಸಂಭವವನ್ನು ಬಹಳವಾಗಿ ಹೆಚ್ಚಿಸುತ್ತದೆ. ಕಾಳುಗಳನ್ನು ಚೆನ್ನಾಗಿ ಒಣಗಿಸಿ ಶೇಖರಿಸಿ. ಬೂಷ್ಟು ಬಂದುದನ್ನು ಆರಿಸಿ ತೆಗೆದುಹಾಕಿ.

ನೆನಪಿನಲ್ಲಿಡಬೇಕಾದ ಮಾತುಗಳು

1. ಕುದಿಸಿ ಆರಿಸಿದ ನೀರು, ಶೌಚಾಲಯದ ಬಳಕೆ, ಸೋಪಿನಿಂದ ತೊಳೆದ ಕೈ, ಇವು ಎ ಮತ್ತು ಇ ಬಗೆಗಳನ್ನು ದೂರವಿಡುತ್ತವೆ.

2. ಗರ್ಭಿಣಿಗೆ ಕಾಮಾಲೆಯಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

3. ಅನಗತ್ಯವಾಗಿ ಸೂಜಿ ಹಾಕಿಸಿಕೊಳ್ಳಬೇಡಿ. ಅಗತ್ಯವಿದ್ದರೆ ಹೊಸ ಸೂಜಿ, ಹೊಸ ಸಿರಿಂಜನ್ನೇ ಕೇಳಿ.

4. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಹೆಪಟೈಟಿಸ್ ಬಿ ರಕ್ತಪರೀಕ್ಷೆ ಮಾಡಿಸಿ. ತವರಿಗೆ ಹೋಗುವಾಗ ತಾಯಿ ಕಾರ್ಡ್ ಮತ್ತು ಪರೀಕ್ಷೆಯ ಚೀಟಿ ಜೊತೆಯಲ್ಲಿರಲಿ.

5. ಹುಟ್ಟಿದ 24 ಗಂಟೆಗಳೊಳಗೆ ಮಗುವಿಗೆ ಮೊದಲ ಚುಚ್ಚುಮದ್ದು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಮುಂದಿನವು.

6. ಒಬ್ಬರಿಗೆ ಸೋಂಕು ಕಂಡರೆ ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ. ಯಾರನ್ನೂ ದೂಷಿಸಬೇಡಿ, ದೂರವಿಡಬೇಡಿ.

ಮಾನ್ಯ ದಂಪತಿಗಳೇ, ಮಕ್ಕಳಿಗಾಗಿ ತಾವು ಹೊಲ ಗದ್ದೆಗಳನ್ನು ಉಳಿಸುತ್ತೀರಿ, ಸಾಲ ಮಾಡಿಯಾದರೂ ಓದಿಸುತ್ತೀರಿ. ಅವರು ಬೆಳೆದು ಅವನ್ನೆಲ್ಲ ಅನುಭವಿಸಲು ಗಟ್ಟಿಯಾದ ಯಕೃತ್ತೂ ಬೇಕು. ಅದಕ್ಕೆ ತಾಯಿಗೊಂದು ರಕ್ತಪರೀಕ್ಷೆ, ಹುಟ್ಟಿದ ದಿನ ಮಗುವಿಗೊಂದು ಚುಚ್ಚುಮದ್ದು ಬೇಕು. ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಇಂದು ಮನೆಗೆ ಹೋದ ಮೇಲೆ ಗಂಡಹೆಂಡಿರು ಕುಳಿತು ಈ ವಿಷಯವನ್ನು ಮಾತನಾಡಿಕೊಳ್ಳಿ. ಸಂದೇಹವಿದ್ದರೆ ತಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಸಂಕೋಚವಿಲ್ಲದೆ ಕೇಳಿ.